ಪಟ್ಟಣದ ಇಲಿಗೆ ಸುಂಕವಿಲ್ಲ: ಐನೂರು ವರ್ಷ ಹಳೆಯ ಸ್ಕಾಟ್ಸ್ ಪ್ರಾಣಿಕಥೆಯನ್ನು ಓದುವುದು ಹೇಗೆ?

2025ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಒಂದು ಭಾಷಾ ಮಸೂದೆಯನ್ನು ಅಂಗೀಕರಿಸಿತು. ಅದೇ ವರ್ಷ ನವೆಂಬರ್ 30ರಿಂದ ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಲ್ಲಿ ಅಧಿಕೃತ ಸ್ಥಾನಮಾನ ಸಿಕ್ಕಿತು. ಗೇಲಿಕ್ ಹೆಸರನ್ನು ಹೊರಗಿನವರೂ ಕೇಳಿರುತ್ತಾರೆ. ಸ್ಕಾಟ್ಸ್ ಎಂದಾಗ ಮಾತ್ರ ‘ಅದು ಇಂಗ್ಲಿಷೇ ಅಲ್ಲವೇ, ಸ್ವಲ್ಪ ಒರಟಾಗಿ ಆಡುವುದು?’ ಎಂಬ ಪ್ರಶ್ನೆ ಎದುರಾಗುತ್ತದೆ. ಇದಕ್ಕೆ ಉತ್ತರ ಬೇಕಾದರೆ ಆ ಭಾಷೆಯ ಒಂದು ಹಳೆಯ ಕಾವ್ಯವನ್ನು ಕೈಗೆತ್ತಿಕೊಂಡು ಒಂದಷ್ಟು ಸಾಲು ಓದಿ ನೋಡುವುದೇ ಸರಿ. ಅದಕ್ಕೆ ರಾಬರ್ಟ್ ಹೆನ್ರಿಸನ್ನನ ಎರಡು ಇಲಿಗಳ ಕಥೆ ಹೇಳಿ ಮಾಡಿಸಿದಂತಿದೆ. ಕಥೆ ಎಲ್ಲರಿಗೂ ಗೊತ್ತು: ಪಟ್ಟಣದ ಇಲಿ ಹಳ್ಳಿಯ ಇಲಿಯನ್ನು ಊಟಕ್ಕೆ ಕರೆಯುತ್ತದೆ, ಊಟದ ನಡುವೆ ಬೆಕ್ಕು ಬರುತ್ತದೆ. ಕಥೆ ಗೊತ್ತಿರುವುದರಿಂದ ಪೂರ್ತಿ ಗಮನವನ್ನು ಭಾಷೆಯ ಮೇಲೆ ಇಡಬಹುದು.

ಸ್ಕಾಟ್ಸ್ ಯಾವ ಭಾಷೆ

ಗೇಲಿಕ್ ಸೆಲ್ಟಿಕ್ ಕುಟುಂಬದ್ದು, ಐರಿಷ್‌ನ ಬಳಗ. ಸ್ಕಾಟ್ಸ್ ಜರ್ಮ್ಯಾನಿಕ್ ಕುಟುಂಬದ್ದು. ಹಳೆಯ ಇಂಗ್ಲಿಷಿನ ಉತ್ತರದ ಉಪಭಾಷೆಯೊಂದರಿಂದ ಬೆಳೆದು, ಸ್ಕಾಟ್ಲೆಂಡಿನ ತಗ್ಗು ನಾಡಿನಲ್ಲಿ ಆಸ್ಥಾನ, ನ್ಯಾಯಾಲಯ, ಕಾವ್ಯಗಳ ಭಾಷೆಯಾಯಿತು. ಇವತ್ತಿನ ಇಂಗ್ಲಿಷ್ ಬೆಳೆದದ್ದು ದಕ್ಷಿಣದ ಕವಲಿನಿಂದ. ಹಾಗಾಗಿ ಸ್ಕಾಟ್ಸ್ ಇಂಗ್ಲಿಷಿನ ಮಗಳಲ್ಲ, ಒಡಹುಟ್ಟು. 2022ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸ್ಕಾಟ್ಸ್ ಆಡುತ್ತೇವೆ ಎಂದು ಬರೆಸಿದ್ದಾರೆ.

ಹೆನ್ರಿಸನ್ ಬರೆದದ್ದು ಹದಿನೈದನೇ ಶತಮಾನದ ಕೊನೆಯ ದಶಕಗಳಲ್ಲಿ, ಅಂದರೆ ನಮ್ಮ ಕುಮಾರವ್ಯಾಸನಾದ ಮೇಲೆ ಎರಡು ತಲೆಮಾರು ಕಳೆದ ಹೊತ್ತಿಗೆ. ಇಂದಿನ ಸ್ಕಾಟ್ಸ್ ಮಾತುಗಾರನಿಗೆ ಹೆನ್ರಿಸನ್ ಸಿಗುವುದು ಹೆಚ್ಚುಕಡಿಮೆ ನಮಗೆ ಕುಮಾರವ್ಯಾಸ ಸಿಕ್ಕಷ್ಟೇ. ಗಟ್ಟಿಯಾಗಿ ಓದಿದರೆ ಅರ್ಧ ತಾನಾಗಿ ಹೊಳೆಯುತ್ತದೆ, ಉಳಿದರ್ಧಕ್ಕೆ ನಿಘಂಟು ಬೇಕು.

ಬರೆದವನು ಮತ್ತು ನಮಗೆ ಉಳಿದಿರುವ ಪಠ್ಯ

ಹೆನ್ರಿಸನ್ನನ ಬದುಕಿನ ಬಗ್ಗೆ ಗೊತ್ತಿರುವುದು ತೀರ ಕಡಿಮೆ. ಹಳೆಯ ಮುದ್ರಣಗಳು ಅವನನ್ನು ಡನ್‌ಫರ್ಮ್ಲಿನ್ ಊರಿನ ಶಾಲಾ ಮಾಸ್ತರ ಎನ್ನುತ್ತವೆ. ಸುಮಾರು 1505ರಲ್ಲಿ ವಿಲಿಯಂ ಡನ್‌ಬಾರ್ ತೀರಿಹೋದ ಕವಿಗಳನ್ನು ನೆನೆದು ಬರೆದ ಪದ್ಯದಲ್ಲಿ ಅವನ ಹೆಸರಿದೆ. ಅಷ್ಟು ಹೊತ್ತಿಗೆ ಅವನು ಇರಲಿಲ್ಲ ಎಂಬುದು ಅದರಿಂದಲೇ ಗೊತ್ತಾಗುವುದು.

ಅವನ ಕಥಾಸಂಗ್ರಹದ ಹೆಸರು ‘ಮೊರಲ್ ಫ್ಯಾಬಿಲಿಸ್’, ನೀತಿಕಥೆಗಳು ಎಂದೇ ಅರ್ಥ. ಒಂದು ಪೀಠಿಕೆ, ಹದಿಮೂರು ಕಥೆ, ಸುಮಾರು 3,000 ಸಾಲು. ಪಂಚತಂತ್ರ ಓದಿ ಬೆಳೆದವರಿಗೆ ಇದು ಅಲ್ಲಿಂದಲೇ ಹೋದ ಸರಕು ಅನ್ನಿಸಬಹುದು. ಆದರೆ ಇಲಿಗಳ ಕಥೆ ಬಂದ ದಾರಿ ಬೇರೆ. ಅದು ರೋಮನ್ ಕವಿ ಹೊರೇಸನಲ್ಲೂ ಇದೆ. ಹೆನ್ರಿಸನ್ನನಿಗೆ ಮುಖ್ಯ ಆಕರವಾದದ್ದು ಮಧ್ಯಯುಗದ ಶಾಲೆಗಳಲ್ಲಿ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದ ಲ್ಯಾಟಿನ್ ಪದ್ಯರೂಪದ ಈಸೋಪ. ಮಾಸ್ತರನಾಗಿ ದಿನಾ ಪಾಠ ಹೇಳುತ್ತಿದ್ದ ಪುಸ್ತಕವನ್ನೇ ಅವನು ಮನೆಮಾತಿಗೆ ತಂದ. ನರಿ–ತೋಳಗಳ ಕೆಲವು ಕಥೆಗಳು ಮಾತ್ರ ಯುರೋಪಿನ ಧೂರ್ತ ನರಿಯ ಕಥಾಚಕ್ರದಿಂದ ಬಂದವು.

ಒಂದು ತೊಡಕು ಮೊದಲೇ ಗೊತ್ತಿರಲಿ. ಅವನ ಕೈಬರಹ ಉಳಿದಿಲ್ಲ. ಹತ್ತು ಕಥೆಗಳಿರುವ ಬ್ಯಾನಟೈನ್ ಹಸ್ತಪ್ರತಿ 1568ರದು. ಹದಿಮೂರೂ ಕಥೆಗಳಿರುವ ಮುದ್ರಣಗಳು 1570 ಮತ್ತು 1571ರವು. ಅಂದರೆ ಕವಿ ತೀರಿಕೊಂಡು ಆರೇಳು ದಶಕಗಳಾದ ಮೇಲಿನ ಪಠ್ಯ ಇದು. ಮಧ್ಯೆ 1560ರಲ್ಲಿ ಸ್ಕಾಟ್ಲೆಂಡ್ ಕ್ಯಾಥೊಲಿಕ್ ಮತ ಬಿಟ್ಟು ಪ್ರಾಟೆಸ್ಟಂಟ್ ಆಯಿತು. ಕೆಲವು ಧಾರ್ಮಿಕ ಪದಗಳನ್ನು ಮುದ್ರಕರು ತಿದ್ದಿರುವ ಗುರುತುಗಳನ್ನು ಸಂಪಾದಕರು ಎತ್ತಿ ತೋರಿಸಿದ್ದಾರೆ. ಹಾಗಾಗಿ ಎರಡು ಪುಸ್ತಕಗಳಲ್ಲಿ ಒಂದೇ ಸಾಲು ಎರಡು ಬಗೆಯಾಗಿ ಕಂಡರೆ ಅಚ್ಚಿನ ತಪ್ಪು ಎಂದು ತಳ್ಳಿಬಿಡಬಾರದು, ಅದು ಪಾಠಾಂತರ. ವಿದ್ವಾಂಸರು ಆಧಾರವಾಗಿ ಹಿಡಿಯುವುದು ಡೆಂಟನ್ ಫಾಕ್ಸ್ ಅವರ 1981ರ ಆವೃತ್ತಿ. ಹೊಸಬರಿಗೆ ರಾಬರ್ಟ್ ಕಿಂಡ್ರಿಕ್ ಅವರ 1997ರ ಆವೃತ್ತಿ ಒಳ್ಳೆಯದು, ಕಷ್ಟದ ಪದಗಳಿಗೆ ಸಾಲಿನ ಪಕ್ಕದಲ್ಲೇ ಅರ್ಥ ಕೊಟ್ಟಿದೆ. ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತದೆ.

ಮೊದಲು ಕಿವಿಗೆ

ಹಳೆಯ ಸ್ಕಾಟ್ಸ್ ಪುಟ ತೆರೆದೊಡನೆ ಕಣ್ಣು ಹೆದರುತ್ತದೆ. ಕಾಗುಣಿತವೇ ಅದಕ್ಕೆ ಕಾರಣ. ಹತ್ತು ನಿಮಿಷ ಕೊಟ್ಟು ನಾಲ್ಕು ಪದ್ಧತಿ ಕಲಿತರೆ ಹೆದರಿಕೆ ಮುಕ್ಕಾಲು ಪಾಲು ಇಳಿಯುತ್ತದೆ.

ಕ್ಯೂ, ಯು, ಎಚ್ ಮೂರು ಅಕ್ಷರ ಒಟ್ಟಿಗೆ ಬಂದರೆ ‘ಹ್ವ’ ಎನ್ನಿ. ಇಂಗ್ಲಿಷಿನ ವಾಟ್, ವೆನ್, ವೇರ್ ಪದಗಳೆಲ್ಲ ಇಲ್ಲಿ ಈ ವೇಷದಲ್ಲಿ ಬರುತ್ತವೆ. ಓ–ಯು ಜೋಡಿ ‘ಊ’ ಆಗುತ್ತದೆ: ಟೌನ್ ಇಲ್ಲಿ ‘ಟೂನ್’, ಮೌಸ್ ಇಲ್ಲಿ ‘ಮೂಸ್’. ಇವತ್ತಿಗೂ ಸ್ಕಾಟ್ಸ್ ಮಾತಿನಲ್ಲಿ ಇದೇ ಉಚ್ಚಾರ. ಸ್ವರದ ಹಿಂದೆ ಬರುವ ‘ಐ’ ಅಕ್ಷರ ಬಹಳ ಸಲ ದೀರ್ಘದ ಗುರುತು, ನಮ್ಮ ದೀರ್ಘದ ಕೊಂಬಿನ ಹಾಗೆ. ಸಿ–ಎಚ್ ಜೋಡಿ ಸ್ವರದ ನಂತರ ಬಂದರೆ ಗಂಟಲಿನಿಂದ ಬರುವ ‘ಖ್’, ಉರ್ದುವಿನ ‘ಖ’ದಂತೆ: ನೈಟ್ ಅಲ್ಲ, ‘ನಿಖ್ಟ್’.

ಪದದ ಕೊನೆಯನ್ನೂ ನೋಡಬೇಕು. ‘ಇಸ್’ ಎಂದು ಮುಗಿದರೆ ಬಹುವಚನವೋ ಷಷ್ಠಿಯೋ ಕ್ರಿಯಾಪದವೋ ಆಗಿರಬಹುದು. ‘ಇಟ್’ ಎಂದು ಮುಗಿದರೆ ಭೂತಕಾಲ. ‘ಅಂಡ್’ ಎಂದು ಮುಗಿದರೆ ‘ಉತ್ತ’ ಪ್ರತ್ಯಯ: ಕ್ರೈಅಂಡ್, ಕೂಗುತ್ತ.

ಯಾಖ್ ಎಂಬ ಇನ್ನೊಂದು ಅಕ್ಷರ ಹಳೆಯ ಹಸ್ತಪ್ರತಿಗಳಲ್ಲಿದೆ. ನಮ್ಮ ಱ, ೞ ಬಿದ್ದುಹೋದ ಹಾಗೆ ಅದೂ ಬಿದ್ದುಹೋಯಿತು. ಮುದ್ರಕರ ಹತ್ತಿರ ಆ ಅಚ್ಚುಮೊಳೆ ಇಲ್ಲದಾಗ ಆಕಾರದಲ್ಲಿ ಹತ್ತಿರವಿದ್ದ ‘ಝಡ್’ ಹಾಕಿದರು. ಮೆಂಜೀಸ್ ಎಂದು ಬರೆಯುವ ಮನೆತನದ ಹೆಸರನ್ನು ಸ್ಕಾಟ್ಲೆಂಡಿನಲ್ಲಿ ‘ಮಿಂಗಿಸ್’ ಎನ್ನುವುದು ಈ ಕಾರಣಕ್ಕೇ. ಹಳೆಯ ಮುದ್ರಣದಲ್ಲಿ ಪದದ ಮೊದಲಿಗೆ ಝಡ್ ಕಂಡರೆ ‘ಯ’ ಎಂದು ಓದಿ ನೋಡಿ, ಅರ್ಥ ಹೊಳೆಯುತ್ತದೆ.

ಈಗ ಕಥೆಯ ಮೊದಲ ಪದ್ಯ. ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಹಿಡಿದರೆ ಹೀಗೆ:

ಈಸೋಪ್, ಮೈನ್ ಆಥೂರ್, ಮಾಕಿಸ್ ಮೆನ್ಸಿಊನ್
ಆಫ್ ಟ್ವಾ ಮೈಸ್, ಅಂಡ್ ಥೇ ವೇರ್ ಸಿಸ್ಟರಿಸ್ ಡೀರ್,
ಆಫ್ ಹ್ವಾಮ್ ದ ಎಲ್ಡೆಸ್ಟ್ ಡ್ವೆಲ್ಟ್ ಇನ್ ಏನ್ ಬೊರೂಸ್ ಟೂನ್;
ದ ಉದರ್ ವಿನಿಟ್ ಅಪಾನ್‌ಲಾಂಡ್ ವೀಲ್ ನೀರ್,
ರಿಖ್ಟ್ ಸಾಲಿಟೇರ್, ಹ್ವೈಲ್ ಅಂಡರ್ ಬುಸ್ಕ್ ಅಂಡ್ ಬ್ರೀರ್,
ಹ್ವೈಲಿಸ್ ಇನ್ ದ ಕಾರ್ನ್, ಇನ್ ಉದರ್ ಮೆನಿಸ್ ಸ್ಕೇಥ್,
ಆಜ್ ಊಟ್‌ಲಾಸ್ ಡೂಯಿಸ್, ಅಂಡ್ ಲೆವಿಟ್ ಆನ್ ಹಿರ್ ವೇಥ್.

ಭಾವ ಇಷ್ಟು: ‘ನನ್ನ ಆಕರಗುರು ಈಸೋಪ ಎರಡು ಇಲಿಗಳ ವಿಚಾರ ಹೇಳುತ್ತಾನೆ. ಪ್ರೀತಿಯ ಅಕ್ಕತಂಗಿಯರು. ಅಕ್ಕ ಇದ್ದದ್ದು ಸನ್ನದು ಪಡೆದ ಪಟ್ಟಣದಲ್ಲಿ. ತಂಗಿ ಹತ್ತಿರದಲ್ಲೇ ಹಳ್ಳಿಗಾಡಿನಲ್ಲಿ, ಒಂಟಿಯಾಗಿ. ಒಮ್ಮೆ ಪೊದೆಮುಳ್ಳಿನ ಅಡಿ, ಒಮ್ಮೆ ಪೈರಿನೊಳಗೆ, ಕಂಡವರಿಗೆ ಲುಕ್ಸಾನು ಮಾಡುತ್ತ, ಕಾನೂನು ತಪ್ಪಿಸಿಕೊಂಡು ಕಾಡು ಸೇರಿದವರ ಹಾಗೆ, ಸಿಕ್ಕಿದ್ದರಲ್ಲಿ ಬದುಕುತ್ತಿದ್ದಳು.’

ಕಟ್ಟು: ಏಳು ಸಾಲು, ಐದು ಪೆಟ್ಟು

ಈ ಪದ್ಯಬಂಧಕ್ಕೆ ರೈಮ್ ರಾಯಲ್ ಎನ್ನುತ್ತಾರೆ. ನಮ್ಮ ಷಟ್ಪದಿಯಲ್ಲಿ ಮಾತ್ರೆ ಎಣಿಸಬೇಕು, ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂರುತ್ತದೆ. ಇಲ್ಲಿ ಎಣಿಸುವುದು ಒತ್ತು, ಅಂದರೆ ದನಿ ಬಲವಾಗಿ ಬೀಳುವ ಜಾಗ. ಪ್ರಾಸ ಸಾಲಿನ ಕೊನೆಯಲ್ಲಿ. ಪ್ರತಿ ಸಾಲಿಗೆ ಸುಮಾರು ಹತ್ತು ಉಚ್ಚಾರಾಂಶ, ಐದು ಒತ್ತು. ಪ್ರಾಸದ ಕ್ರಮ ಅ–ಬ–ಅ–ಬ–ಬ–ಕ–ಕ.

ಮೇಲಿನ ಪದ್ಯದ ಒಂದನೇ ಮತ್ತು ಮೂರನೇ ಸಾಲಿನ ಕೊನೆ ನೋಡಿ: ಮೆನ್ಸಿಊನ್, ಟೂನ್. ಇಂದಿನ ಇಂಗ್ಲಿಷಿನ ಮೆನ್ಷನ್, ಟೌನ್ ಎಂದು ಓದಿದರೆ ಪ್ರಾಸ ಸತ್ತುಹೋಗುತ್ತದೆ. ‘ಊ’ ಉಚ್ಚಾರಕ್ಕೆ ಪುರಾವೆ ಪದ್ಯದೊಳಗೇ ಇದೆ ಎಂದಾಯಿತು. ಛಂದಸ್ಸೂ ಹೀಗೇ ಸಾಕ್ಷಿ ಹೇಳುತ್ತದೆ. ಮೊದಲ ಸಾಲನ್ನು ಬೆರಳು ಮಡಿಸಿ ಎಣಿಸಿ: ಈ–ಸೋಪ್–ಮೈನ್–ಆ–ಥೂರ್–ಮಾ–ಕಿಸ್–ಮೆನ್–ಸಿ–ಊನ್. ಸರಿಯಾಗಿ ಹತ್ತು. ‘ಮಾಕಿಸ್’ ಅನ್ನು ‘ಮೇಕ್ಸ್’ ಎಂದು ಒಂದೇ ಉಸಿರಿಗೆ ಹೇಳಿದರೆ ಒಂಬತ್ತಕ್ಕೆ ಇಳಿದು ಸಾಲು ಕುಂಟುತ್ತದೆ. ಹೊಸಬರ ಓದು ತಟ್ಟಾಡುವುದು ಸಾಮಾನ್ಯವಾಗಿ ಇಲ್ಲೇ, ‘ಇಸ್’, ‘ಇಟ್’ಗಳನ್ನು ನುಂಗಿಬಿಡುವಾಗ. ಹಾಗೆಂದು ಎಲ್ಲ ಕಡೆ ಅವನ್ನು ಬಿಡಿಸಿ ಹೇಳಲೂ ಬಾರದು. ಕೆಲವು ಸಾಲುಗಳಲ್ಲಿ ಅವು ಹಿಂದಿನ ಅಕ್ಷರದಲ್ಲಿ ಕರಗಬೇಕು. ಎಣಿಸಿ ನೋಡಿಯೇ ತೀರ್ಮಾನಿಸಬೇಕು.

ಕೊನೆಯ ಎರಡು ಸಾಲಿನ ಜೋಡಿಪ್ರಾಸಕ್ಕೆ ಗಂಟು ಬಿಗಿಯುವ ಕೆಲಸ. ಇಲ್ಲಿ ಜೋಡಿಯಾಗಿರುವ ಪದಗಳು ‘ಸ್ಕೇಥ್’ ಮತ್ತು ‘ವೇಥ್’. ಮೊದಲನೆಯದು ಇನ್ನೊಬ್ಬರಿಗಾದ ನಷ್ಟ. ಎರಡನೆಯದು ಬೇಟೆಯಲ್ಲೋ ದಾರಿಯಲ್ಲೋ ದಕ್ಕಿದ್ದು, ಅವಳ ಜೀವನೋಪಾಯ. ರೈತನ ನಷ್ಟವೂ ಇಲಿಯ ಅನ್ನವೂ ಒಂದೇ ದನಿಯಲ್ಲಿ ಮುಗಿಯುತ್ತವೆ. ಹಳ್ಳಿಯ ಇಲಿ ಮುಗ್ಧೆ ಎಂದು ನಾವು ಮೊದಲೇ ಅಂದುಕೊಂಡು ಬಂದಿದ್ದರೆ, ಕವಿ ಅದನ್ನು ಏಳನೇ ಸಾಲಿಗೇ ಮುರಿಯುತ್ತಾನೆ. ಮುಂದೆ ಅವಳ ಬಿಲದಲ್ಲಿ ದೀಪವಿಲ್ಲ ಎನ್ನುವಾಗಲೂ ಕಾರಣ ಕೊಡುತ್ತಾನೆ: ಇಂಥ ಚಿಲ್ಲರೆ ಕಳ್ಳರಿಗೆ ಬೆಳಕು ಆಗಿಬರುವುದಿಲ್ಲ.

ಪರಿಚಿತ ಮುಖದ ಪದಗಳು

ಗೊತ್ತಿಲ್ಲದ ಪದ ಅಪಾಯವಲ್ಲ, ಅದಕ್ಕೆ ನಿಘಂಟು ತೆಗೆದೇ ತೆಗೆಯುತ್ತೇವೆ. ಗೊತ್ತಿದೆ ಎಂದು ಅನ್ನಿಸುವ ಪದವೇ ದಾರಿ ತಪ್ಪಿಸುವುದು.

ಹಳ್ಳಿ ಇಲಿಯ ಮನೆ ‘ಫಾಗ್’ನಿಂದ ಕಟ್ಟಿದ್ದು. ಮಂಜಲ್ಲ, ಪಾಚಿ. ಅದು ‘ಸಿಲಿ’ ಗುಡಿಸಲು. ಪೆದ್ದು ಎಂದಲ್ಲ, ಬಡಪಾಯಿ ಎಂದು. ‘ಬಟ್’ ಅಂದರೆ ಆದರೆ ಎಂದು ಓದಿಕೊಂಡು ಹೋದರೆ ವಾಕ್ಯ ಕೂಡಿಬರುವುದಿಲ್ಲ. ಹಲವು ಕಡೆ ಅದರ ಅರ್ಥ ‘ಇಲ್ಲದೆ’. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ‘ಕ್ಯಾನ್’. ‘ಕ್ಯಾನ್ ಷೋ ವಾಕ್’ ಎಂದರೆ ಅವಳಿಗೆ ನಡೆಯಲು ಬರುತ್ತಿತ್ತು ಎಂದಲ್ಲ, ನಡೆದಳು ಎಂದಷ್ಟೇ. ಭೂತಕಾಲ ಮಾಡಲು, ಜೊತೆಗೆ ಒಂದು ಉಚ್ಚಾರಾಂಶ ತುಂಬಿಸಲು ಕವಿಗಳು ಇದನ್ನು ಬಳಸುತ್ತಿದ್ದರು. ‘ಷೋ’ ಎಂದರೆ ಅವಳು. ‘ಡಿಫೈ’ ಎಂದರೆ ಇಲ್ಲಿ ಸವಾಲು ಹಾಕುವುದಲ್ಲ, ಬೇಡವೆಂದು ಎಸೆಯುವುದು.

ನಿಘಂಟು ನೋಡುವಾಗಲೂ ಒಂದು ಎಚ್ಚರ ಬೇಕು. ಸ್ಕಾಟ್ಸ್‌ಗೆ ಎರಡು ದೊಡ್ಡ ನಿಘಂಟುಗಳಿವೆ. 1700ರವರೆಗಿನ ಭಾಷೆಗೆ ‘ಡಿಕ್ಷನರಿ ಆಫ್ ದಿ ಓಲ್ಡರ್ ಸ್ಕಾಟಿಷ್ ಟಂಗ್’, 12 ಸಂಪುಟ, ಮುಗಿದದ್ದು 2002ರಲ್ಲಿ. ಆನಂತರದ ಭಾಷೆಗೆ ‘ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿ’, 10 ಸಂಪುಟ, ಮುಗಿದದ್ದು 1976ರಲ್ಲಿ. ಎರಡೂ ಈಗ ಒಂದೇ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಒಟ್ಟಿಗೇ ಉತ್ತರ ಕೊಡುತ್ತವೆ. ಹೆನ್ರಿಸನ್ನನಿಗೆ ಬೇಕಾದದ್ದು ಮೊದಲನೆಯದು. ಪದ ಸಿಗದಿದ್ದರೆ ಕಾಗುಣಿತ ಬದಲಿಸಿ ಹುಡುಕಿ: ಐ ಜಾಗದಲ್ಲಿ ವೈ, ಯು ಜಾಗದಲ್ಲಿ ವಿ ಅಥವಾ ಡಬ್ಲ್ಯು.

ಸುಂಕವಿಲ್ಲದ ಇಲಿ

ಎರಡನೇ ಪದ್ಯಕ್ಕೆ ಇತಿಹಾಸ ಗೊತ್ತಿಲ್ಲದಿದ್ದರೆ ನಗು ಬರುವುದಿಲ್ಲ. ಪಟ್ಟಣದ ಇಲಿ ‘ಗಿಲ್ಡ್ ಬ್ರದರ್’ ಮತ್ತು ‘ಫ್ರೀ ಬರ್ಜೆಸ್’, ‘ಟೋಲ್ ಫ್ರೀ’ ಕೂಡ. ಕಸ್ಟಮ್, ಅಂದರೆ ಸುಂಕ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಆ ಕಾಲದ ಸ್ಕಾಟ್ಲೆಂಡಿನಲ್ಲಿ ಬರ್ ಎಂದರೆ ವ್ಯಾಪಾರದ ಹಕ್ಕುಗಳನ್ನು ಸನ್ನದಿನಲ್ಲಿ ಪಡೆದ ಪಟ್ಟಣ. ಅಲ್ಲಿ ವಾಸವಿದ್ದ ಮಾತ್ರಕ್ಕೆ ಯಾರೂ ಬರ್ಜೆಸ್ ಆಗುತ್ತಿರಲಿಲ್ಲ, ವಿಧಿಪೂರ್ವಕ ಸೇರಿಸಿಕೊಳ್ಳಬೇಕಿತ್ತು. ಸೇರಿದವನಿಗೆ ಮಾರುವ ಕೊಳ್ಳುವ ಹಕ್ಕು, ಸುಂಕದಲ್ಲಿ ವಿನಾಯಿತಿ. ಗಿಲ್ಡ್ ಎಂಬುದು ವರ್ತಕರ ಸಂಘ. ಹಳ್ಳಿಯಿಂದ ಹೊರೆ ಹೊತ್ತು ಬಂದವನು ಪಟ್ಟಣದ ಬಾಗಿಲಲ್ಲಿ ತೆರಬೇಕಾದದ್ದನ್ನು ತೆತ್ತೇ ಒಳಗೆ ಬರಬೇಕು. ಈ ಎಲ್ಲ ಗತ್ತನ್ನೂ ಕವಿ ಒಂದು ಇಲಿಯ ಹೆಗಲಿಗೆ ಹಾಕುತ್ತಾನೆ, ಅದೂ ಹೆಣ್ಣಿಲಿಗೆ ‘ಬ್ರದರ್’ ಎಂಬ ಪದವಿ ಕೊಟ್ಟು. ಆಮೇಲಿನ ಸಾಲಿನಲ್ಲಿ ಆ ಸ್ವಾತಂತ್ರ್ಯ ಯಾವುದಕ್ಕೆ ಎಂದು ತಿಳಿಯುತ್ತದೆ: ಕಣಜ, ಪೆಟ್ಟಿಗೆಗಳಲ್ಲಿರುವ ಗಿಣ್ಣು ಮತ್ತು ಹಿಟ್ಟಿನ ನಡುವೆ ಮನಸೋ ಇಚ್ಛೆ ಓಡಾಡಲು. ತಂಗಿ ಕಾಡು ಸೇರಿದ ಕಳ್ಳಿ, ಅಕ್ಕ ಸನ್ನದುಳ್ಳ ಕಳ್ಳಿ. ಇಬ್ಬರೂ ತಿನ್ನುವುದು ಇನ್ನೊಬ್ಬರದನ್ನೇ.

ಔತಣದ ತಟ್ಟೆಯನ್ನೂ ಹೀಗೇ ಹತ್ತಿರದಿಂದ ನೋಡಬೇಕು. ಗಿಣ್ಣು, ಬೆಣ್ಣೆ, ಮಾಂಸ, ಮೀನು, ಮೂಟೆಗಟ್ಟಲೆ ಹಿಟ್ಟು. ವೈನ್ ಬದಲು ತಿಳಿನೀರು. ಬಾಯಿರುಚಿಗೆ ಮಸಾಲೆಯ ಬದಲಾಗಿ ಪೆಟ್ಟಿಗೆಯಿಂದ ಕದ್ದ ಒಂದು ಬಿಳಿ ಮೇಣದಬತ್ತಿ! ಮನುಷ್ಯರ ಶ್ರೀಮಂತ ಭೋಜನದ ವಿಧಿವಿಧಾನವನ್ನು ಪಾಲಿಸುತ್ತಲೇ ಅವು ಇಲಿಗಳಾಗಿ ಉಳಿಯುತ್ತವೆ. ಇದಕ್ಕೂ ಮೊದಲು ತಂಗಿಯ ಮನೆಯಲ್ಲಿ ಕಾಳು ಕಡಿಯಲಾರದೆ ಅಕ್ಕ ಹೇಳಿದ ಮಾತು, ‘ನನ್ನ ಗುಡ್ ಫ್ರೈಡೇ ನಿಮ್ಮ ಈಸ್ಟರಿಗಿಂತ ಮೇಲು, ನಮ್ಮ ಮನೆಯ ಮುಸುರೆ ನಿಮ್ಮ ಇಡೀ ಖರ್ಚಿಗೆ ಸಮ.’ ಗುಡ್ ಫ್ರೈಡೇ ಉಪವಾಸದ ದಿನ, ಈಸ್ಟರ್ ಹಬ್ಬ. ನಮ್ಮಲ್ಲಾದರೆ ‘ನಮ್ಮನೆ ಏಕಾದಶಿ ನಿಮ್ಮನೆ ದೀಪಾವಳಿಗಿಂತ ವಾಸಿ’ ಎಂದ ಹಾಗೆ.

ಊಟದ ನಡುವೆ ಮೊದಲು ಉಗ್ರಾಣದವನು ಬೀಗದ ಕೈ ಹಿಡಿದು ಬರುತ್ತಾನೆ. ಆಮೇಲೆ ಗಿಬ್ ಹಂಟರ್ ಎಂಬ ಬೆಕ್ಕು. ಅದು ತಂಗಿಯನ್ನು ಹಿಡಿದು ಕಾಲಿಂದ ಕಾಲಿಗೆ ಎಸೆದಾಡುತ್ತದೆ, ಬಿಟ್ಟ ಹಾಗೆ ಮಾಡಿ ಕಣ್ಣು ಮುಚ್ಚುತ್ತದೆ, ಕಣ್ಣಾಮುಚ್ಚಾಲೆ ಆಡುತ್ತದೆ. ‘ಹ್ವೈಲಿಸ್’, ಅಂದರೆ ಒಮ್ಮೊಮ್ಮೆ, ಎಂಬ ಪದ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಗಟ್ಟಿಯಾಗಿ ಓದಿದರೆ ಬೆಕ್ಕಿನ ಪಂಜದ ಲಯ ಕಿವಿಗೇ ಸಿಗುತ್ತದೆ.

‘ನೀವು’ ಇದ್ದದ್ದು ‘ನೀನು’ ಆದಾಗ

ಇಲ್ಲಿ ಕನ್ನಡ ಓದುಗರಿಗೆ ಒಂದು ಅನುಕೂಲವಿದೆ. ಹಳೆಯ ಸ್ಕಾಟ್ಸ್‌ನಲ್ಲಿ ‘ಯೀ’ ಎಂದರೆ ನೀವು, ‘ಥೂ’ ಎಂದರೆ ನೀನು. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಾಗಿರುವುದರಿಂದ ಇಂಗ್ಲಿಷ್ ಅನುವಾದದಲ್ಲಿ ಇದು ಅಳಿಸಿಹೋಗುತ್ತದೆ.

ಅಕ್ಕತಂಗಿಯರು ಕಥೆಯುದ್ದಕ್ಕೂ ಒಬ್ಬರಿಗೊಬ್ಬರು ನೀವು ಎನ್ನುತ್ತಾರೆ. ಅಕ್ಕ ಕಾಳು ಜರೆದಾಗಲೂ ತಂಗಿ ‘ಮಡಾಮ್’ ಎಂದು ಕರೆದು, ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಇದ್ದವರಲ್ಲವೇ ಎಂದು ಮೆತ್ತಗೆ ನೆನಪಿಸುತ್ತಾಳೆ. ಬೆಕ್ಕಿನ ಪಂಜದಿಂದ ನುಣುಚಿಕೊಂಡು ಗೋಡೆಯ ತೆರೆ ಹತ್ತಿ ಕೂತ ಮೇಲೆ ಅವಳ ಮಾತು ಬದಲಾಗುತ್ತದೆ: ‘ನಿನ್ನ ಔತಣ ನನಗೆ ಬೇಡ. ನಿನ್ನ ಹೆಬ್ಬಾತು ಚೆನ್ನಾಗಿದೆ, ಅದರ ಗೊಜ್ಜು ಮಾತ್ರ ಪಿತ್ತದಷ್ಟು ಕಹಿ.’ ಎಲ್ಲ ಕಡೆ ‘ಥೈ’, ನಿನ್ನ. ಮೇಲಿನಿಂದ ಕೂಗಿ ಹೇಳುವ ಈ ಏಕವಚನ ಸಿಟ್ಟಿನದೋ ಸಲಿಗೆಯದೋ ಎಂಬುದನ್ನು ಓದುವವರೇ ತೂಗಿ ನೋಡಬೇಕು. ನನ್ನ ಕಿವಿಗೆ ಸಿಟ್ಟೇ ಕೇಳಿಸುತ್ತದೆ.

ನೀತಿ ಬೇರೆ, ಕಥೆ ಬೇರೆ

ಕಥೆ 29 ಪದ್ಯಕ್ಕೆ ಮುಗಿಯುತ್ತದೆ. ನಂತರ ‘ಮೊರಾಲಿಟಾಸ್’ ಎಂಬ ತಲೆಬರಹ, ಅಂದರೆ ನೀತಿಭಾಗ. ಇಲ್ಲಿ ಛಂದಸ್ಸು ಬದಲಾಗುತ್ತದೆ: ಎಂಟು ಸಾಲಿನ ನಾಲ್ಕು ಪದ್ಯ, ಪ್ರತಿಯೊಂದರ ಕೊನೆಯಲ್ಲೂ ‘ಸ್ಮಾಲ್ ಪೊಸೆಸಿಊನ್’, ಅಂದರೆ ಅಲ್ಪಸ್ವತ್ತು, ಎಂಬ ಪಲ್ಲವಿ. ಒಳ್ಳೆಯ ಬೀಜದಲ್ಲಿ ಕಳೆಯ ಕಾಳು ಬೆರೆತಂತೆ ಸುಖದಲ್ಲಿ ಕಷ್ಟ ಬೆರೆತಿರುತ್ತದೆ, ಭಯವಿಲ್ಲದ ಸರಳ ಬದುಕೇ ಸಿಹಿ ಎನ್ನುತ್ತಾನೆ ಕವಿ.

ಬಹಳ ಜನ ಎಡವುವುದು ಇಲ್ಲೇ. ಒಂದು ಗುಂಪು ನೀತಿಯನ್ನಷ್ಟೇ ಟಿಪ್ಪಣಿ ಮಾಡಿಕೊಂಡು ಎದ್ದುಬಿಡುತ್ತದೆ. ಇನ್ನೊಂದು ಗುಂಪು ನೀತಿಯನ್ನು ಮಧ್ಯಯುಗದ ಬಾಲಂಗೋಚಿ ಎಂದು ಬಿಡುತ್ತದೆ. ಮಾಡಬೇಕಾದದ್ದು ನೀತಿಯನ್ನು ಕೈಯಲ್ಲಿ ಹಿಡಿದು ಕಥೆಗೆ ವಾಪಸ್ ಹೋಗುವುದು. ಹೋದರೆ ಕೆಲವು ವಿಷಯ ತಾಳೆಯಾಗುವುದಿಲ್ಲ. ಭಯದ ನಡುವೆ ಬದುಕುವ ಅಕ್ಕನಿಗೆ ಕೊನೆಗೂ ಏನೂ ಆಗುವುದಿಲ್ಲ, ಅವಳಿಗೆ ಓಡಿಹೋಗಲು ಬಿಲವಿದೆ. ಪೆಟ್ಟು ತಿಂದದ್ದು ಅಲ್ಪಸ್ವತ್ತಿನ ತಂಗಿ. ಶುರುವಿನಲ್ಲಿ ಚಳಿಗೆ, ಹಸಿವಿಗೆ ನರಳುತ್ತಿದ್ದ ತಂಗಿಯ ಮನೆ ಕೊನೆಯಲ್ಲಿ ಉಣ್ಣೆಯ ಹಾಗೆ ಬೆಚ್ಚಗಿದೆ, ಹೊರಮನೆ ಒಳಮನೆ ಎರಡರಲ್ಲೂ ಅವರೆ, ಬಟಾಣಿ, ಗೋಧಿ ತುಂಬಿದೆ. ಬಿಲ ಬದಲಾಯಿತೋ, ಅದನ್ನು ನೋಡುವ ಕಣ್ಣು ಬದಲಾಯಿತೋ? ಕವಿ ಬಿಡಿಸಿ ಹೇಳುವುದಿಲ್ಲ. ಪೀಠಿಕೆಯಲ್ಲಿ ಅವನೇ ಕಾಯಿಯ ಹೋಲಿಕೆ ಕೊಟ್ಟಿದ್ದಾನೆ: ಚಿಪ್ಪು ಗಟ್ಟಿ, ತಿರುಳು ಸಿಹಿ. ಒಡೆಯುವ ಕೆಲಸ ಮಾತ್ರ ಓದುಗರದ್ದು.

ಇದಾದ ಮೇಲೆ

ದಿನಕ್ಕೆ ಐದಾರು ಪದ್ಯದಂತೆ ಓದಿದರೆ 235 ಸಾಲಿನ ಈ ಕಥೆ ಒಂದು ವಾರದ ಕೆಲಸ. ಒಂದು ಸಲ ಅರ್ಥದ ಗೊಡವೆಯಿಲ್ಲದೆ ಗಟ್ಟಿಯಾಗಿ, ಇನ್ನೊಂದು ಸಲ ನಿಘಂಟಿನೊಂದಿಗೆ, ಮೂರನೇ ಸಲ ಮತ್ತೆ ಗಟ್ಟಿಯಾಗಿ. ಕವಿ ಷೇಮಸ್ ಹೀನಿ ಏಳು ಕಥೆಗಳನ್ನು ಇಂಗ್ಲಿಷಿಗೆ ತಂದ ಪುಸ್ತಕ 2009ರಲ್ಲಿ ಬಂದಿದೆ. ಅದನ್ನು ಮೂರನೇ ಓದಿನ ನಂತರವೇ ತೆರೆಯುವುದು ಮೇಲು, ಮೊದಲೇ ತೆರೆದರೆ ಅವರ ಲಯ ಕಿವಿಯಲ್ಲಿ ಕೂತುಬಿಡುತ್ತದೆ.

ಮುಂದಿನ ಕಥೆಯಾಗಿ ಕುರಿ ಮತ್ತು ನಾಯಿಯದನ್ನು ಎತ್ತಿಕೊಳ್ಳಿ. ನಾಯಿ ರೊಟ್ಟಿಯ ಬಾಕಿಗಾಗಿ ಕುರಿಯ ಮೇಲೆ ದಾವೆ ಹೂಡುತ್ತದೆ. ನ್ಯಾಯಾಧೀಶ ತೋಳ, ಗುಮಾಸ್ತ ನರಿ, ಸಮನ್ಸ್ ತರುವುದು ಕಾಗೆಯ ಜಾತಿಯ ರೇವನ್. ಸೋತ ಕುರಿ ಮೈಮೇಲಿನ ಉಣ್ಣೆ ಮಾರಿ ದುಡ್ಡು ಕಟ್ಟುತ್ತದೆ. ಈ ಸಲ ನೀತಿಭಾಗಕ್ಕೆ ಪಲ್ಲವಿಯ ಸಮಾಧಾನವಿಲ್ಲ. ಬೋಳಾದ ಕುರಿ ಚಳಿಯಲ್ಲಿ ನಿಂತು ‘ದೇವರೇ, ಇಷ್ಟು ಹೊತ್ತು ಯಾಕೆ ಮಲಗಿದ್ದೀಯ?’ ಎಂದು ಕೇಳುವುದನ್ನು ಕವಿ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಅಲ್ಲಿ ‘ಥೂ’ ಎಂಬ ಏಕವಚನ ಹೇಗೆ ಕೆಲಸ ಮಾಡುತ್ತದೆ ಎಂಬುದು ಇಲಿಗಳ ಕಥೆ ಓದಿದವರಿಗೆ ಹೊಸದಾಗಿರುವುದಿಲ್ಲ.